ಅತ್ತೆಯ ಬೆರಳ ಸಂದಿ

ತಿಕೋಟಾದ ಹೊಲಗಳಲ್ಲಿ ಈಗಿನಷ್ಟು ದ್ರಾಕ್ಷಿ ಇರದ ಕಾಲದ ಮಾತಿದು. ಆಗ ಊರ ಸುತ್ತ ಬಿಳಿಜೋಳ, ಕುಸುಬಿ, ಕಡಲೆ. ಈಗಿನ ವಿಜಯಪುರ ಆಗ ಬಿಜಾಪುರ, ನಮ್ಮ ಬಾಯಲ್ಲಿ ಇಜಾಪುರ. ಅಲ್ಲಿಗೆ ಹೋಗುವ ಬಸ್ಸು ಬಂದರೆ ಓಣಿಯ ಮಕ್ಕಳೆಲ್ಲ ಅದರ ಹಿಂದೆ ಧೂಳು ತಿನ್ನುತ್ತ ಓಡುತ್ತಿದ್ದೆವು. ಆ ಕಾಲದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೂ ನೆನಪಿರಬೇಕು, ಆಗ ಮಕ್ಕಳಿಗೆ ಎರಡೆರಡು ಹೆಸರು. ಒಂದು ತೊಟ್ಟಿಲಲ್ಲಿ ಇಟ್ಟದ್ದು, ಇನ್ನೊಂದು ಓಣಿ ಇಟ್ಟದ್ದು. ಕುಂಟುವ ಹುಡುಗ ಕುಂಟ್ಯಾ, ತೊದಲುವವನು ತೊದಲ್ಯಾ. ಯಾರೂ ಅದನ್ನು ತಪ್ಪು ಎಂದುಕೊಳ್ಳುತ್ತಿರಲಿಲ್ಲ. ನನ್ನ ತೊಟ್ಟಿಲ ಹೆಸರು ಗಿರಿಜಾ. ಓಣಿ ನನ್ನನ್ನು ಕರೆಯುತ್ತಿದ್ದದ್ದು ಮೆಳ್ಳಿ ಎಂದು.

ಮೂರು ವರ್ಷದವಳಿದ್ದಾಗ ಒಂದು ಜ್ವರ ಬಂದು ಹೋಯಿತಂತೆ. ಜ್ವರ ಇಳಿದ ಮೇಲೆ ನನ್ನ ಎಡಗಣ್ಣು ಮೂಗಿನ ಕಡೆ ವಾಲಿಕೊಂಡಿತು, ಮತ್ತೆ ತಿರುಗಿ ಬರಲಿಲ್ಲ. ಅವ್ವ ದೃಷ್ಟಿ ತೆಗೆದಳು, ಗುಡಿಗೆ ಎಣ್ಣೆ ಕೊಟ್ಟಳು, ಮಲಗಿದಾಗ ಬಲಗಡೆ ದೀಪ ಇಟ್ಟಳು. ಕಣ್ಣಿಗೆ ಅದು ಯಾವುದೂ ತಿಳಿಯಲಿಲ್ಲ. ನನಗೆ ಅದರಿಂದ ನೋವೇನೂ ಇರಲಿಲ್ಲ. ಆದರೆ ಗಟ್ಟಿ ಬೀಜಗಳನ್ನು ಮೇಲೆಸೆದು ಹಿಡಿಯುವ ಗಜಗದಾಟ ಆಡುವಾಗ ಮೇಲೆ ಎಸೆದ ಗಜಗ ಯಾವಾಗಲೂ ನನ್ನ ಕೈಯ ಪಕ್ಕದಲ್ಲಿ ಬೀಳುತ್ತಿತ್ತು. ಉಳಿದ ಹುಡುಗಿಯರು ನಗುತ್ತಿದ್ದರು. ಅದು ಕಣ್ಣಿನ ತಪ್ಪು ಎಂದು ನನಗೆ ಗೊತ್ತಿರಲಿಲ್ಲ, ನನ್ನ ಕೈಯೇ ದಡ್ಡ ಎಂದುಕೊಂಡಿದ್ದೆ.

ನನ್ನನ್ನು ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿ, ಪದ್ಧತಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದವಳು ಅಪ್ಪನ ಅಕ್ಕ, ನೀಲವ್ವತ್ತೆ. ಗುದ್ದು ತಿನ್ನುತ್ತಲೇ "ಇಕಿ ನನ್ನ ಸೊಸಿ, ನನ್ನ ಬಸೂಗ ಇಕೀನ" ಎಂದು ಎಲ್ಲರೆದುರು ಹೇಳಿದ್ದಳಂತೆ. ಬಸು ಅವಳ ಒಬ್ಬನೇ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಅತ್ತೆಯ ಮನೆ ಇಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ, ಮಾವನ ಕಿರಾಣಿ ಅಂಗಡಿಯ ಹಿಂದಿನ ಹಳೆಯ ವಾಡೆಯಲ್ಲಿ. ಅವಳ ಗಂಡನ ಕಡೆಯವರೆಲ್ಲ ಬಬಲೇಶ್ವರದವರು. ಅಲ್ಲಿದ್ದ ಅವಳ ಅತ್ತೆಗೆ ಮೊಮ್ಮಗನಿಗೆ ಬಬಲೇಶ್ವರದ ಹೆಣ್ಣೇ ಬೇಕಿತ್ತು. "ಮೆಳ್ಳಗಣ್ಣಿನ ಹುಡುಗಿನ್ನ ಎತ್ತಿ ತರಾಕ ನಮ್ಮ ಕಡೆ ಹೆಣ್ಣಿಗೆ ಬರಗಾಲ ಬಿದ್ದಿಲ್ಲ" ಎಂದು ಆ ಮುದುಕಿ ಹೇಳಿದ ಮಾತು ನೀಲವ್ವತ್ತೆಯ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ನನಗೆ ಎಂಟು ತುಂಬಿದ ಬೇಸಿಗೆಯಲ್ಲಿ ಗುಡಿಯ ಓಣಿಯಲ್ಲೇ ಹೊಸದಾಗಿ ಒಬ್ಬ ಕಣ್ಣಿನ ಡಾಕ್ಟರು ದವಾಖಾನೆ ತೆರೆದರು. ಮುಂಬೈಯಲ್ಲಿ ಕಲಿತು ಬಂದವರು, ಮೆಳ್ಳಗಣ್ಣು ನೆಟ್ಟಗೆ ಮಾಡುತ್ತಾರೆ ಎಂದು ಸುದ್ದಿಯಾಯಿತು. ಅತ್ತೆ ಮರುದಿನದ ಬಸ್ಸಿಗೇ ತಿಕೋಟಾಕ್ಕೆ ಬಂದು ಅಪ್ಪನ ಎದುರು ಕೂತಳು. "ನಿನ್ನ ಮಗಳ ಬಾಳೇ ಐತಿ, ನಡಿ ಅಂದ್ರ ನಡಿ" ಎಂದಳು. ಅಕ್ಕ ಹೇಳಿದ ಮೇಲೆ ಅಪ್ಪ ಎದುರು ಮಾತಾಡುವವನಲ್ಲ.

ದವಾಖಾನೆಯಲ್ಲಿ ಸ್ಪಿರಿಟ್ಟಿನ ವಾಸನೆ, ತಣ್ಣನೆಯ ಶಹಾಬಾದಿ ಕಲ್ಲಿನ ನೆಲ. ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳ ಫಲಕ. ಹಲ್ಲು ಯಾವ ಕಡೆ ಇವೆಯೆಂದು ಬೆರಳು ಮಾಡಿ ತೋರಿಸಬೇಕು. ಡಾಕ್ಟರು ಅಪ್ಪನಿಗೆ ನನ್ನ ಒಂದೊಂದೇ ಕಣ್ಣು ಮುಚ್ಚಲು ಹೇಳಿದರು. ಅಪ್ಪ ತನ್ನ ಅಂಗೈ ತಂದು ನನ್ನ ಬಲಗಣ್ಣಿನ ಮೇಲೆ ಒತ್ತಿದ. ಆ ಅಂಗೈಗೆ ತಂಬಾಕಿನ ವಾಸನೆ, ಎತ್ತಿನ ಮೈಯ ವಾಸನೆ. ಒಂದು ಎಳೆ ಬೆಳಕೂ ಒಳಗೆ ಬರಲಿಲ್ಲ. ಎಡಗಣ್ಣಿಗೆ ಮೇಲಿನ ದೊಡ್ಡ ಬಾಚಣಿಗೆ ಕೂಡ ಬರೀ ಮಸುಕು. ನನ್ನ ಬೆರಳು ಯಾವ ಕಡೆಗೂ ಏಳಲಿಲ್ಲ. ಅಪ್ಪ ಆಗ ಮೊದಲ ಸಲ ಗಾಬರಿಯಾದ.

ಆಮೇಲೆ ಡಾಕ್ಟರು ಎದುರಿಗೆ ಕೂತು ಪೆನ್ಸಿಲಿನ ತುದಿಗೆ ಸಿಕ್ಕಿಸಿದ ಸಣ್ಣ ಗೊಂಬೆಯನ್ನು ನೋಡು ಎಂದರು. ರಟ್ಟಿನ ತುಂಡಿನಿಂದ ಒಮ್ಮೆ ಈ ಕಣ್ಣು ಮುಚ್ಚುವರು, ಒಮ್ಮೆ ಆ ಕಣ್ಣು. ಬಲಗಣ್ಣು ಮುಚ್ಚಿದರೆ ಎಡಗಣ್ಣು ಮೂಗಿನ ಮೂಲೆಯಿಂದ ಸರಿದು ಬಂದು ಗೊಂಬೆಯನ್ನು ಹುಡುಕುತ್ತದೆ, ರಟ್ಟು ತೆಗೆದರೆ ಮತ್ತೆ ಮೂಲೆಗೆ ಓಡುತ್ತದೆ. ಅಪ್ಪನನ್ನು ಹತ್ತಿರ ಕರೆದು ಅದನ್ನು ತೋರಿಸಿದರು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಗಾಜುಗಳನ್ನು ಕಣ್ಣಿನ ಮುಂದೆ ಹಿಡಿದು ಎಷ್ಟು ವಾಲಿದೆಯೆಂದು ಅಳೆದರು. ಕೊನೆಗೆ ಒಂದು ಯಂತ್ರದ ಮುಂದೆ ಕೂರಿಸಿದರು. ಅದಕ್ಕೆ ಎರಡು ಕೊಳವೆ, ಕಣ್ಣಿಗೊಂದೊಂದು. ಒಂದರೊಳಗೆ ಗಿಳಿಯ ಚಿತ್ರ, ಇನ್ನೊಂದರೊಳಗೆ ಖಾಲಿ ಪಂಜರ. ಎರಡೂ ಕಣ್ಣು ಕೂಡಿ ನೋಡುವವರಿಗೆ ಗಿಳಿ ಪಂಜರದೊಳಗೆ ಕೂತಂತೆ ಕಾಣುತ್ತದೆ. ಇದು ನನಗೆ ಆಮೇಲೆ ತಿಳಿದದ್ದು.

"ಏನ್ ಕಾಣ್ತದವ್ವ?"

"ಗಿಳಿರಿ."

"ಪಂಜರ?"

"ಇಲ್ರಿ."

ಅವರು ಏನೋ ತಿರುಗಿಸಿದರು. "ಈಗ?"

"ಪಂಜರ ಬಂತ್ರಿ."

"ಗಿಳಿ ಎಲ್ಲದ?"

"ಹಾರಿ ಹೋತ್ರಿ."

ಪಕ್ಕದಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಸರೀಬೇ ಅತ್ತಾಗ, ನಾ ನೋಡ್ತೀನಿ" ಎಂದು ನನ್ನನ್ನು ಎಬ್ಬಿಸಿ ತಾನೇ ಕೂತಳು. ಡಾಕ್ಟರು ನಗುತ್ತ ಅವಳಿಗೆ ಕೊಳವೆ ಸರಿಸಿ ಕೊಟ್ಟರು. ಅತ್ತೆ ಬಗ್ಗಿ ನೋಡಿದವಳು ಅಲ್ಲಿಂದಲೇ ಕೂಗಿದಳು. "ಅಯ್ಯ ನಮ್ಮವ್ವಾ! ಗಿಳಿ ಪಂಜರದಾಗ ಛಂದಂಗ ಕುಂತೈತಲ್ಲ! ಇಷ್ಟ ಹೇಳಾಕ ಬರೂದಿಲ್ಲೇನ ನಿನಗ?"

"ನಿಮಗ ಹಂಗ ಕಾಣ್ತದ್ರಿ ಬಾಯಾರ, ಆಕೀಗೆ ಕಾಣೂದಿಲ್ಲ" ಎಂದರು ಡಾಕ್ಟರು. ಅತ್ತೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ತಲೆಯಲ್ಲಿ ಒಂದೇ ಉಳಿಯಿತು, ಸರಿಯಾದ ಉತ್ತರ ಅಂದರೆ ಗಿಳಿ ಪಂಜರದೊಳಗೆ ಇರುವುದು.

ಡಾಕ್ಟರು ಅಪ್ಪನಿಗೆ ತಿಳಿಯುವ ಮಾತಿನಲ್ಲೇ ಹೇಳಿದರು. "ಯಜಮಾನ್ರ, ಜೋಡಿಯೊಳಗ ಒಂದು ಎತ್ತು ಎಳೀಲಾರದ ಸುಮ್ಮನ ಹೆಜ್ಜಿ ಹಾಕಾಕ ಹತ್ತಿದ್ರ ಏನ್ ಮಾಡ್ತೀರಿ?"

"ಅದನ್ನಷ್ಟ ಹೂಡಿ ರೂಢಿ ಮಾಡಸ್ತೀವ್ರಿ."

"ಇದೂ ಹಂಗ. ಈಕೀದು ಎಡಗಣ್ಣು ಕೆಟ್ಟಿಲ್ಲ, ದುಡಿಯೂದು ಬಿಟ್ಟದ. ದೀಪಾವಳಿ ತನಕ ದಿನಾ ಬಲಗಣ್ಣಿಗೆ ಪಟ್ಟಿ ಕಟ್ಟರಿ, ಎಡಗಣ್ಣು ದುಡೀಲಿ. ಆಮ್ಯಾಲ ಮತ್ತ ತಪಾಸ ಮಾಡ್ತೀನಿ. ಎರಡೂ ಕೂಡಿ ನೋಡಾಕ ಹತ್ತಿದ್ರ ಆಪರೇಷನ್. ಅದಕ್ಕಿಂತ ಮೊದಲ ಮಾಡಿದ್ರ ಕಣ್ಣು ನೆಟ್ಟಗ ಕಾಣ್ತದ, ಆದ್ರ ನೋಡೂದಿಲ್ಲ. ಸಣ್ಣಾಕಿ ಇದ್ದಾಗ ಆಗೂ ಕೆಲಸ ಇದು. ದೊಡ್ಡಾಕಿ ಆದಮ್ಯಾಲ ಆ ಕಣ್ಣು ಯಾರ ಮಾತೂ ಕೇಳೂದಿಲ್ಲ."

ಅಪ್ಪ ತಲೆಯಾಡಿಸಿದ. ಎತ್ತಿನ ಮಾತು ಅವನಿಗೆ ಚೆನ್ನಾಗಿ ತಿಳಿದಿತ್ತು. ಶಾಲೆ ಬಿಡಿಸಿ ನನ್ನನ್ನು ಅತ್ತೆಯ ಮನೆಯಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಹೋದ.

ಮೊದಲ ದಿನಗಳನ್ನು ನೆನೆಸಿಕೊಂಡರೆ ಈಗಲೂ ತಲೆ ತಿರುಗುತ್ತದೆ. ಹತ್ತಿಯ ಮೇಲೆ ಅಂಟುಪಟ್ಟಿ ಎಳೆದು ಬಲಗಣ್ಣು ಮುಚ್ಚಿದರೆ ಲೋಕವೆಲ್ಲ ಹೊಗೆ. ಹೊಸ್ತಿಲು ಎಡವುತ್ತಿದ್ದೆ, ತಾಟಿನಲ್ಲಿ ರೊಟ್ಟಿ ಯಾವುದು, ಎಣ್ಣೆಗಾಯಿ ಯಾವುದು ಎಂದು ಮುಟ್ಟಿ ನೋಡುತ್ತಿದ್ದೆ. ಬೇಸಿಗೆಯ ಬೆವರಿಗೆ ಪಟ್ಟಿಯ ಕೆಳಗೆ ತುರಿಕೆ. ಅತ್ತು ಅತ್ತು ಹತ್ತಿಯೆಲ್ಲ ತೊಯ್ದುಹೋಗುತ್ತಿತ್ತು. ಆಗ ಅತ್ತೆ ಒಳ್ಳೆಯವಳೇ ಇದ್ದಳು, ಸುಳ್ಳು ಯಾಕೆ ಹೇಳಲಿ. ಅದು ಮದುವೆಗಳ ಕಾಲ, ಬಬಲೇಶ್ವರದವರು ಯಾರೂ ಬರುವ ಹಾಗಿರಲಿಲ್ಲ. ಮನೆಯಲ್ಲಿ ಅವಳು, ನಾನು, ಬಸು. ಮಾವ ಇಡೀ ದಿನ ಅಂಗಡಿಯಲ್ಲಿ. ಬೆಳಿಗ್ಗೆ ತಾನೇ ಪಟ್ಟಿ ಹಚ್ಚಿ, "ಅಳಬ್ಯಾಡ ನನ್ನವ್ವ, ನಾಳಿ ನೀ ಈ ಮನಿ ದೀಪ ಹಚ್ಚಾಕಿ" ಎಂದು ತಲೆ ಸವರುತ್ತಿದ್ದಳು. ಮೊರದಲ್ಲಿ ಸಾಸಿವೆ ಹರಡಿ ಅದರೊಳಗಿನ ಹರಳು ಆರಿಸಲು ಕೊಡುತ್ತಿದ್ದಳು. ಎಡಗಣ್ಣಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು.

ಬಸು ನನ್ನ ಜೊತೆ ಗಜಗದಾಟ ಆಡುತ್ತಿದ್ದ. ಹುಡುಗಿಯರ ಆಟ ಆಡುತ್ತಾನೆ ಎಂದು ಗೆಳೆಯರು ನಗುತ್ತಾರೆಂದು ಬಾಗಿಲು ಮುಚ್ಚಿಕೊಂಡು ಆಡುತ್ತಿದ್ದ. "ಮ್ಯಾಲ ನೋಡ ಲೇ ಗಿರ್ಜಾ, ಕೈ ನೋಡಬ್ಯಾಡ" ಎಂದು ಬೈದು ಕಲಿಸುತ್ತಿದ್ದ.

ಆಮೇಲೆ ಒಂದು ದಿನ, ಮುಂಗಾರಿನ ಮೊದಲ ಮಳೆ ಬಿದ್ದು ಅಂಗಳದಿಂದ ಮಣ್ಣಿನ ವಾಸನೆ ಬರುತ್ತಿದ್ದಾಗ, ಮೊರದಲ್ಲಿದ್ದ ಸಾಸಿವೆ ಕಾಳು ಕಾಳಾಗಿ ಕಂಡಿತು. ಮೊದಲು ಅದು ಒಂದು ಕರಿ ಬಟ್ಟೆಯ ಹಾಗೆ ಇರುತ್ತಿತ್ತು. ಈಗ ಒಂದೊಂದೂ ಬೇರೆ, ಒಂದೊಂದೂ ದುಂಡಗೆ. ನಾನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ಬಲಗಣ್ಣಿನ ಪಟ್ಟಿ ಇದ್ದಲ್ಲೇ ಇತ್ತು. ಅದೇ ವಾರ ಎಸೆದ ಗಜಗ ಬಂದು ನನ್ನ ಅಂಗೈಯ ನಡುವೆ ಬಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ. ಬಸು "ಹಿಡದಳು! ಯವ್ವಾ, ಗಿರ್ಜಾ ಹಿಡದಳು!" ಎಂದು ವಾಡೆ ಹಾರಿಹೋಗುವಂತೆ ಕೂಗಿದ. ಸಂಜೆ ಅತ್ತೆ ನನ್ನನ್ನು ಪಟ್ಟಿ ಸಹಿತ ಸಿದ್ಧೇಶ್ವರ ಗುಡಿಗೆ ಕರೆದೊಯ್ದು ಸಕ್ಕರೆ ಹಂಚಿದಳು. ಗರ್ಭಗುಡಿಯ ಒಳಗೆ ಉರಿಯುತ್ತಿದ್ದ ನಂದಾದೀಪದ ಕುಡಿಯನ್ನು ನಾನು ಹೊರಗೆ ನಿಂತೇ ನೋಡಿದೆ, ಎಡಗಣ್ಣಿನಿಂದ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತಾದರೂ ಆಗಿದೆಯೋ ಇಲ್ಲವೋ ಹೇಳಲಾರೆ.

ಆ ಗುಡಿಗೆ ಹೋದದ್ದೇ ಕೇಡಾಯಿತು. ಅಲ್ಲಿ ನಮ್ಮನ್ನು ನೋಡಿದ ಯಾರೋ ಬಬಲೇಶ್ವರಕ್ಕೆ ಸುದ್ದಿ ಮುಟ್ಟಿಸಿದರು, ನೀಲವ್ವನ ಸೊಸೆಗೆ ಒಂದು ಕಣ್ಣೇ ಹೋಗಿದೆ ಎಂದು. ನಾಗರಪಂಚಮಿಗೆ ಅತ್ತೆಯ ಅತ್ತೆ ತಾನೇ ಎದ್ದು ಬರುತ್ತೇನೆಂದು ಹೇಳಿಕಳಿಸಿದಳು. ಅವಳು ಬರುವ ದಿನ ಬೆಳಿಗ್ಗೆ ಅತ್ತೆ ಪಟ್ಟಿ ಹಚ್ಚಲಿಲ್ಲ. "ಮುದುಕಿ ಹೋಗೂ ತನಕ ಬ್ಯಾಡ. ಮೆಳ್ಳಿ ಅಂದಾಕಿ ನಾಳಿ ಒಕ್ಕಣ್ಣಿ ಅಂತಾಳ" ಎಂದಳು. ಮುದುಕಿ ಜೋಕಾಲಿ ಆಡಿದ ಮಕ್ಕಳಿಗೆ ಉಂಡಿ, ಜೋಳದ ಅಳ್ಳು ಹಂಚುತ್ತ ಶ್ರಾವಣ ಪೂರ್ತಿ ಇದ್ದಳು. ಅವಳು ಹೋದಳು, ಗಣೇಶ ಚೌತಿಗೆ ನಾದಿನಿಯರು ಬಂದರು. ಅವರು ಹೋದರೆ ಓಣಿಯ ಹೆಂಗಸರು. ಪೇಟೆಯ ನಡುವಿನ ಮನೆ, ಅಂಗಡಿಯ ಹಿಂಬಾಗಿಲು. ಯಾರೂ ಬರದ ಹೊತ್ತು ಎಲ್ಲಿಂದ ಬರಬೇಕು? ಬಾಗಿಲ ಚಿಲಕ ಅಲ್ಲಾಡಿದರೆ ಸಾಕು, ಅತ್ತೆ ಓಡಿಬಂದು ಸರ್ರನೆ ಪಟ್ಟಿ ಕೀಳುತ್ತಿದ್ದಳು, ಹುಬ್ಬಿನ ಕೂದಲು ಅದರ ಜೊತೆ ಬರುತ್ತಿತ್ತು. ಕೊನೆಗೆ ಪಟ್ಟಿಯ ಸುರುಳಿ ಗೋಡೆಯೊಳಗಿನ ದೇವರ ಮಾಡದಲ್ಲಿ ಕುಂಕುಮದ ಭರಣಿಯ ಹಿಂದೆ ಕೂತುಬಿಟ್ಟಿತು.

ಸಾಸಿವೆ ಮತ್ತೆ ಕರಿ ಬಟ್ಟೆಯಾಯಿತು. ಅದು ನನಗೆ ಗೊತ್ತಾಗುತ್ತಿತ್ತು. ಯಾರೂ ಇಲ್ಲದಾಗ ನಾನೇ ಬಲಗಣ್ಣು ಒತ್ತಿ ಹಿಡಿದು ಮೊರದ ಮುಂದೆ ಕೂತು ನೋಡುತ್ತಿದ್ದೆ. "ಅತ್ತಿ, ಕಣ್ಣು ಮತ್ತ ಮಬ್ಬಾಗಾಕತ್ತೈತಿ" ಎಂದು ಹೇಳಿದೆ. "ಆಪರೇಷನ್ ಆದಮ್ಯಾಲ ಎಲ್ಲಾ ನೆಟ್ಟಗಾಗತೈತಿ, ಬಾಯಿ ಮುಚ್ಚು" ಎಂದಳು.

ಅಪ್ಪ ದಸರೆಯ ಮುಂದೆ ಅಡತಿ ಅಂಗಡಿಗೆ ಕಾಳು ಮಾರಲು ಬಂದ. ಅವನ ದನಿ ಅಂಗಡಿಯಲ್ಲಿ ಕೇಳಿಸಿದ ಕೂಡಲೇ ಅತ್ತೆ ಮಾಡದಿಂದ ಪಟ್ಟಿ ತೆಗೆದು ನನ್ನ ಕಣ್ಣಿಗೆ ಹಚ್ಚಿದಳು. ಅಪ್ಪ ಪಟ್ಟಿ ನೋಡಿ ಸಮಾಧಾನಪಟ್ಟ. ನನ್ನನ್ನು ಪೇಟೆಗೆ ಕರೆದೊಯ್ದು ಚುರಮುರಿ, ಬಿಸಿ ಭಜಿ ಕೊಡಿಸಿದ. ಭಜಿ ಬಾಯಲ್ಲಿದ್ದಂತೆಯೇ ನಾನು ಹೇಳಿದೆ.

"ಅಪ್ಪಾ, ಅತ್ತಿ ಪಟ್ಟಿ ಕಟ್ಟೂದಿಲ್ಲ. ಇವತ್ತ ನೀ ಬಂದಿ ಅಂತ ಕಟ್ಯಾಳ."

ಅಪ್ಪ ಆ ಕಡೆ ಈ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. "ಹಂಗ ಅನಬಾರದವ್ವ. ನಾಳಿ ಅಕಿ ಮನೀಗೆ ಹೋಗಾಕಿ ನೀನು. ಅತ್ತಿ ಹೇಳಿದಂಗ ಕೇಳು."

"ಕಣ್ಣು ಕಾಣೂದಿಲ್ಲ ಅಪ್ಪಾ."

"ಕಾಣತೈತಿ. ಡಾಕ್ಟರು ಅದಾರಲ್ಲ."

ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೊಟ್ಟಿಗೆಯಲ್ಲಿ ಒಂದು ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಅಪ್ಪ ಅದರ ಬಾಯಿ ತೆರೆದು ನಾಲಿಗೆ ನೋಡುತ್ತಿದ್ದ, ಗೊರಸು ಎತ್ತಿ ನೋಡುತ್ತಿದ್ದ. ಎತ್ತಿಗೆ ಯಾರೂ ಅತ್ತೆ ಇರುವುದಿಲ್ಲ ನೋಡಿ. ನನ್ನ ಪಟ್ಟಿ ಎತ್ತಿ ಒಳಗಿನ ಕಣ್ಣು ನೋಡಲು ಅವನಿಗೆ ಅಕ್ಕನ ಮರ್ಯಾದೆ ಅಡ್ಡ ಬಂತು.

ದೀಪಾವಳಿ ಕಳೆಯಿತು. ತಪಾಸಣೆಯ ಹಿಂದಿನ ಎರಡು ದಿನ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನನಗೆ ಪಾಠ ಹೇಳಿಕೊಟ್ಟಳು. "ಗಿಳಿ ಎಲ್ಲೈತಿ?" ಎಂದು ಕೇಳುವಳು. "ಪಂಜರದಾಗ ಐತ್ರಿ" ಎಂದು ನಾನು ಹೇಳಬೇಕು. ರೊಟ್ಟಿ ತಿರುವುವಾಗ ಒಮ್ಮೆ, ಹೆಂಚಿನಿಂದ ಇಳಿಸುವಾಗ ಒಮ್ಮೆ. ಅಲ್ಲೇ ಕೂತು ಊಟ ಮಾಡುತ್ತಿದ್ದ ಬಸು, "ಆಕೀಗೆ ಕಾಣಸಲಿಲ್ಲಂದ್ರ ಹೆಂಗ ಹೇಳತಾಳ ಯವ್ವಾ?" ಎಂದ. "ನೀ ಸುಮ್ಮನ ಉಣ್ಣಲೇ. ಇಲ್ಲ ಅಂದ್ರ ಡಾಕ್ಟರು ಆಪರೇಷನ್ ಮಾಡೂದಿಲ್ಲ. ಮತ್ತ ವರ್ಷ ತನಕ ಪಟ್ಟಿ ಅಂತಾರ. ಅಷ್ಟರಾಗ ನಿಮ್ಮಪ್ಪನ ಮನಿಯವರು ಬಬಲೇಶ್ವರದಾಗ ಮಾತು ಮುಗಿಸಿರತಾರ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳು ನನ್ನನ್ನು ಪ್ರೀತಿಸುತ್ತಿದ್ದಳು, ಅದೇ ನನಗೆ ನುಂಗಲಾಗದ ಸಂಗತಿ. ಕೆಟ್ಟ ಹೆಂಗಸಾಗಿದ್ದರೆ ಬೈದು ಮರೆತುಬಿಡುತ್ತಿದ್ದೆ.

ಆ ದಿನ ದವಾಖಾನೆಯಲ್ಲಿ ಸಂತೆಯಂಥ ಜನ. ಅಪ್ಪನ ಬಸ್ಸು ತಡವಾಗಿ ಅವನು ಬಂದು ಮುಟ್ಟಿರಲಿಲ್ಲ. ಡಾಕ್ಟರು ಫಲಕದ ಪಕ್ಕ ಕೋಲು ಹಿಡಿದು ನಿಂತು, "ಬಾಯಾರ, ಆಕೀದು ಬಲಗಣ್ಣು ಅಂಗೈಲೆ ಮುಚ್ಚರಿ" ಎಂದರು. ಅತ್ತೆ ನನ್ನ ಹಿಂದೆ ನಿಂತು ಕೈ ತಂದಳು. ಹಸಿರು ಬಳೆ ಹಣೆಗೆ ತಾಗಿ ತಣ್ಣಗಾಯಿತು. ಕೈಗೆ ಜೋಳದ ಹಿಟ್ಟಿನ ವಾಸನೆ. ಆಮೇಲೆ ಅವಳ ನಡುಬೆರಳು, ಉಂಗುರದ ಬೆರಳು ಮೆಲ್ಲಗೆ ದೂರ ಸರಿದವು. ಆ ಸಂದಿಯಲ್ಲಿ ಇಡೀ ಫಲಕ ಕಂಡಿತು.

ಕೋಲು ತೋರಿಸಿದ ಕಡೆಗೆಲ್ಲ ನನ್ನ ಬೆರಳು ಸರಿಯಾಗಿ ತಿರುಗಿತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. "ಶಾಬಾಸ್!" ಎಂದರು ಡಾಕ್ಟರು. ಪಟ್ಟಿ ದಿನಾಲೂ ಕಟ್ಟಿದಿರೇನು ಎಂದು ಕೇಳಿದರು. "ಒಂದು ದಿನ ತಪ್ಪಸಿಲ್ರಿ ಸಾಹೇಬ್ರ" ಎಂದಳು ಅತ್ತೆ, ಬಳೆ ಸರಿಮಾಡಿಕೊಳ್ಳುತ್ತ.

ಯಂತ್ರದ ಮುಂದೆ ಕೂರಿಸಿದರು. ಗದ್ದ ಇಡುವ ತಗಡು ತಣ್ಣಗಿತ್ತು. ನಾನು ನೋಡಿದೆ. ಗಿಳಿ ಇತ್ತು, ಹಸಿರು ಮೈ, ಕೆಂಪು ಕೊಕ್ಕು. ಸುತ್ತ ಏನೂ ಇರಲಿಲ್ಲ. ಡಾಕ್ಟರು ಕೊಳವೆಗಳನ್ನು ಸರಿಸುತ್ತ ಕೇಳಿದರು, "ಗಿಳಿ ಎಲ್ಲದ ಈಗ?"

ಮೊದಲು ನಿಜವೇ ಬಾಯಿಗೆ ಬಂತು. "ಪಂಜರ ಕಾಣವಲ್ತ್ರಿ" ಎಂದೆ.

ತೋಳಿನ ಹಿಂದೆ, ಕುಪ್ಪಸದ ಅಂಚಿನಲ್ಲಿ, ಅತ್ತೆ ಚಿವುಟಿದಳು. "ಅಂಜ್ಯಾಳ್ರಿ ಹುಡುಗಿ. ಮನ್ಯಾಗ ಆಪರೇಷನ್ ಅಂತ ಹೆದರಸ್ಯಾರ. ಸರಿಯಾಗಿ ನೋಡವ್ವ ಗಿರ್ಜಾ, ಗಿಳಿ ಎಲ್ಲೈತಿ?" ಒಲೆಯ ಮುಂದೆ ಕೇಳಿದ ದನಿಯೇ ಅದು. ಆ ದನಿಗೆ ಒಂದೇ ಉತ್ತರ ಇತ್ತು.

"ಪಂಜರದಾಗ ಐತ್ರಿ."

"ಪಂಜರದಾಗ? ಖರೇನ?"

"ಹೂಂರಿ."

ಡಾಕ್ಟರು ಮತ್ತೊಮ್ಮೆ ಕೇಳಬೇಕಿತ್ತು. ನನ್ನ ಬಲಗಣ್ಣನ್ನು ತಮ್ಮ ಕೈಯಿಂದಲೇ, ತಮ್ಮ ರಟ್ಟಿನಿಂದಲೇ ಮುಚ್ಚಬೇಕಿತ್ತು. ಬಾಗಿಲಲ್ಲಿ ಜನ ನೂಕಾಡುತ್ತಿದ್ದರು, ಒಬ್ಬ ಮುದುಕ ಕಣ್ಣಿಗೆ ಸುಣ್ಣ ಸಿಡಿಸಿಕೊಂಡು ಚೀರುತ್ತಿದ್ದ. ಅವರು ನನ್ನ ಬೆನ್ನು ತಟ್ಟಿ, "ಎರಡೂ ಕಣ್ಣು ಕೂಡಿ ನೋಡಾಕ ಹತ್ಯಾವ. ಛಲೋ ಆತು" ಎಂದು ಎದ್ದುಹೋದರು. ಅವರ ಮೇಲೂ ನನಗೆ ಸಿಟ್ಟಿದೆ. ಮಗುವಿನ ಮಾತಿಗಿಂತ ದೊಡ್ಡವರ ಮಾತು ಖರೇ ಎಂದು ನಂಬಿದವರಲ್ಲಿ ಅವರೂ ಒಬ್ಬರು.

ಆಪರೇಷನ್ನಿನ ದಿನ ಮೂಗಿಗೆ ಹಿಡಿದ ಔಷಧದ ಸಿಹಿ ಘಾಟು ನೆನಪಿದೆ, ಅದರಾಚೆ ಏನೂ ಇಲ್ಲ. ಎಚ್ಚರವಾದಾಗ ಎರಡೂ ಕಣ್ಣಿಗೆ ಕಟ್ಟು. ಅವ್ವ ತಿಕೋಟಾದಿಂದ ಬಂದು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಕಟ್ಟು ಬಿಚ್ಚುವ ದಿನ ಎಲ್ಲರೂ ಸೇರಿದ್ದರು. ಬೆಳಕು ಚುಚ್ಚಿತು, ಕಣ್ಣು ಕೆಂಡದಂತೆ ಕೆಂಪಗಿತ್ತು, ಆದರೆ ನಡುವೆ ನಿಂತಿತ್ತು. "ನೆಟ್ಟಗಾತು ನೋಡ್ರಿ! ಸಿದ್ಧೇಶ್ವರನ ದಯಾ!" ಎಂದು ಅತ್ತೆ ಅತ್ತಳು. ಅಪ್ಪ ಪೇಢೆ ಹಂಚಿದ. ಎಲ್ಲರೂ ಬಗ್ಗಿ ಬಗ್ಗಿ ನನ್ನ ಕಣ್ಣನ್ನು ನೋಡಿದರು. ಆ ಕಣ್ಣಿಗೆ ಏನು ಕಾಣುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಬಲಗಣ್ಣು ಮುಚ್ಚಿ ನೋಡಿಕೊಂಡೆ. ಅವ್ವನ ಮುಖ ಹೊಗೆಯಾಗಿತ್ತು.

ಇನ್ನೂ ಆರು ತಿಂಗಳು ಪಟ್ಟಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. "ಆಪರೇಷನ್ ಆದಮ್ಯಾಲ ಇನ್ಯಾಕ?" ಎಂದಳು ಅತ್ತೆ. ಅಪ್ಪನೂ ಹೌದೆಂದ. ತಿಕೋಟಾಕ್ಕೆ ಮರಳಿದ ಮೇಲೆ ಓಣಿ ನನ್ನನ್ನು ಮೆಳ್ಳಿ ಎನ್ನುವುದನ್ನು ನಿಲ್ಲಿಸಿತು. ಗಜಗ ಮಾತ್ರ ಮೊದಲಿನ ಹಾಗೆ ಕೈಯ ಪಕ್ಕದಲ್ಲೇ ಬೀಳುತ್ತಿತ್ತು.

ದುಡಿಯದ ಎತ್ತು ನೊಗದಡಿ ಎಷ್ಟು ದಿನ ನಿಂತೀತು? ನಾನು ದೊಡ್ಡವಳಾಗುವ ಹೊತ್ತಿಗೆ ಕಣ್ಣು ಮತ್ತೆ ಸರಿಯತೊಡಗಿತು, ಈ ಸಲ ಮೂಗಿನ ಕಡೆಗಲ್ಲ, ಹೊರಗಿನ ಕಡೆಗೆ. ಅಪ್ಪ ಕರೆದುಕೊಂಡು ಹೋದಾಗ ಅದೇ ಡಾಕ್ಟರು ಈ ಸಲ ತಾವೇ ರಟ್ಟು ಹಿಡಿದು ಬಲಗಣ್ಣು ಮುಚ್ಚಿದರು. ನನಗೆ ಒಂದೂ ಗುರುತು ಕಾಣಲಿಲ್ಲ. ಅವರು ರಟ್ಟನ್ನು ಮೇಜಿನ ಮೇಲೆ ಇಟ್ಟರು. "ಆವತ್ತ ಹೆಂಗ ಹೇಳಿದಿ ನೀನು?" ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡಿದ. ಈಗ ವಯಸ್ಸು ಮೀರಿತು, ಮತ್ತೆ ಕೊಯ್ದರೆ ತೋರಿಕೆಗೆ ಅಷ್ಟೇ ಎಂದರು.

ಬಸುವಿನ ಮದುವೆ ಬಬಲೇಶ್ವರದ ಹೆಣ್ಣಿನೊಡನೆ ಆಯಿತು. ನಮಗೆ ಲಗ್ನಪತ್ರಿಕೆ ಬಂದಾಗಲೇ ಗೊತ್ತಾದದ್ದು. ಅತ್ತೆ ಮಂಟಪದಲ್ಲಿ ನನ್ನ ಎದುರಿಗೆ ಸಿಕ್ಕಾಗ, "ನನ್ನ ಕೈಯಾಗ ಏನಿತ್ತ ಬೇ ಗಿರ್ಜಾ" ಎಂದಳು. ಅವಳ ಕೈಯಲ್ಲಿ ಏನಿತ್ತು ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಸು ತಲೆ ಎತ್ತಲಿಲ್ಲ.

ನನ್ನನ್ನು ನೋಡಲು ಆಮೇಲೆ ಬಂದ ಗಂಡಿನವರೆಲ್ಲ ಉಪ್ಪಿಟ್ಟು ತಿಂದು, ಕಣ್ಣು ನೋಡಿ, ಹೇಳಿಕಳಿಸುತ್ತೇವೆಂದು ಹೋದರು. ನಾನು ಸಾಕಪ್ಪ ಸಾಕು ಎಂದು ಕಲಿತು ಶಾಲೆಯ ಶಿಕ್ಷಕಿ, ನಮ್ಮ ಮಾತಿನ ಸಾಲಿ ಬಾಯಿ, ಆದೆ, ಇಜಾಪುರದ ಅಥಣಿ ರಸ್ತೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡೆ. ಮಕ್ಕಳು ತಪ್ಪು ಉತ್ತರ ಹೇಳಿದರೆ ನಾನು ಯಾವತ್ತೂ ಹೊಡೆದವಳಲ್ಲ. ನಿನಗೆ ಹೇಗೆ ಕಾಣಿಸಿತು ಹೇಳು ಎಂದು ಕೇಳುತ್ತಿದ್ದೆ.

ಬಹಳ ವರ್ಷಗಳ ನಂತರ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂತು, ಎಡಗಣ್ಣಿಗೆ ಹೆಚ್ಚು. ಕಣ್ಣಿನ ಆಸ್ಪತ್ರೆ ನನ್ನ ಮನೆಗೆ ಹತ್ತಿರ, ಬಸು ಅವಳನ್ನು ನನ್ನ ಬಳಿ ಬಿಟ್ಟು ಅಂಗಡಿಗೆ ಹೋದ. ಎಳೆಯ ಹುಡುಗಿ ಡಾಕ್ಟರು. ಫಲಕದ ಹತ್ತಿರ ನಿಂತು, "ಅಜ್ಜಿದು ಬಲಗಣ್ಣು ಅಂಗೈಲೆ ಮುಚ್ಚರಿ" ಎಂದು ನನಗೆ ಹೇಳಿದಳು. ನಾನು ಅತ್ತೆಯ ಹಿಂದೆ ನಿಂತು ಕೈ ತಂದೆ. ಅವಳ ಚರ್ಮ ಹಳೆಯ ಕಾಗದದಂತಿತ್ತು. ಅವಳಿಗೆ ಆಪರೇಷನ್ನಿನ ಹೆದರಿಕೆ. ತಲೆ ಹಿಂದಕ್ಕೆ ವಾಲಿಸಿ ನನಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು.

"ಗಿರ್ಜಾ, ಒಂಚೂರು ಸಂದಿ ಬಿಡವ್ವ."

ಅಷ್ಟು ಸಲೀಸಾಗಿ ಕೇಳಿದಳು. ಆ ಮಾತಿನ ಹಿಂದೆ ಏನಿದೆ ಎಂದು ಅವಳಿಗೆ ನೆನಪೇ ಇರಲಿಲ್ಲ. ನಾನು ಬೆರಳುಗಳನ್ನು ಒಂದಕ್ಕೊಂದು ಒತ್ತಿ ಬಿಗಿಯಾಗಿ ಹಿಡಿದೆ, ಅಪ್ಪ ಮೊದಲ ದಿನ ಹಿಡಿದಿದ್ದ ಹಾಗೆ.

"ಇಲ್ಲತ್ತಿ. ಕಾಣೂದಿಲ್ಲಂದ್ರ ಕಾಣೂದಿಲ್ಲ ಅನ್ನು."

ಅವಳು ಕಾಣುವುದಿಲ್ಲ ಎಂದಳು. ಪೊರೆ ತೆಗೆದರು, ಕಣ್ಣು ಬಂತು. ಕಟ್ಟು ಬಿಚ್ಚಿದ ದಿನ ಎದುರಿಗೆ ಕೂತಿದ್ದವಳು ನಾನೇ. ನನ್ನ ಮುಖವನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ಏನ ಛಂದ ಕಾಣಾಕತ್ತೈತಿ ಎಲ್ಲಾ!" ಎಂದಳು. ಆಮೇಲೆ ಮರುಕದಿಂದ, "ನಿನ್ನ ಕಣ್ಣು ಮಾತ್ರ ಹಂಗ ಉಳೀತಲ್ಲ ಬೇ. ಅಷ್ಟ ಮಾಡಿದ್ವಿ ನಿನಗ" ಎಂದಳು. ನಾನು ಅವಳ ಕೆನ್ನೆಯ ನೀರು ಒರೆಸಿ ಔಷಧ ಹಾಕಿದೆ.

ಈಗ ಅತ್ತೆ ಇಲ್ಲ, ಅಪ್ಪ ಇಲ್ಲ. ಗುಡಿಯ ಓಣಿಯ ಆ ವಾಡೆ ಇದ್ದ ಜಾಗದಲ್ಲಿ ಬಟ್ಟೆ ಅಂಗಡಿಗಳಾಗಿವೆ. ನಾನು ಚಹಾ ಸೋಸುವಾಗ ಇವತ್ತಿಗೂ ಕಪ್ಪಿನ ಅಂಚಿಗೆ ಪಾತ್ರೆ ತಾಗಿಸಿಯೇ ಬಗ್ಗಿಸುತ್ತೇನೆ, ಇಲ್ಲದಿದ್ದರೆ ಹೊರಗೆ ಚೆಲ್ಲುತ್ತದೆ. ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಇಳಿಯುತ್ತೇನೆ. ಎಡಗಣ್ಣು ಇದೆ, ನೀರು ಬರುತ್ತದೆ, ಧೂಳು ಬಿದ್ದರೆ ಉರಿಯುತ್ತದೆ. ಅದು ತನ್ನ ಇಡೀ ಜೀವಮಾನದಲ್ಲಿ ಸ್ಪಷ್ಟವಾಗಿ ನೋಡಿದ್ದು ಆ ಒಂದು ಮಳೆಗಾಲದ ಮೊದಲಲ್ಲಿ, ಅಂಗೈಯಲ್ಲಿದ್ದ ಸಾಸಿವೆಯನ್ನು, ಮೇಲಿನಿಂದ ಇಳಿದು ಬರುತ್ತಿದ್ದ ಗಜಗವನ್ನು, ಗುಡಿಯ ಒಳಗಿನ ದೀಪವನ್ನು.